ಗಂಟು ಹಾಗೇ ಇದೆ, ಸಂಘ ಬಡವಾಗಿದೆ

ನಮ್ಮೂರ ಕೃಷಿಕರ ಸಂಘ ಹುಟ್ಟಿದ್ದು 1995ರಲ್ಲಿ. ಎಂಬತ್ತು ಮಂದಿ ತಲಾ 500 ರೂ. ಕೊಟ್ಟು ಆಜೀವ ಸದಸ್ಯರಾದೆವು. ಒಟ್ಟು 40,000 ರೂ. ಬ್ಯಾಂಕಿನಲ್ಲಿ ಠೇವಣಿ ಇಟ್ಟೆವು. ಗಂಟು ಮುಟ್ಟುವುದು ಬೇಡ, ಬಡ್ಡಿಯಲ್ಲೇ ಸಂಘ ನಡೆಸುವಾ ಅಂತ ಮಹಾಸಭೆಯಲ್ಲಿ ತೀರ್ಮಾನವೂ ಆಯಿತು.

ಗಂಟು ಇವತ್ತಿಗೂ ಹಾಗೇ ಇದೆ. ಯಾರೂ ಒಂದು ಪೈಸೆ ತಿಂದಿಲ್ಲ. ಆದರೂ ಸಂಘ ಬಡವಾಗಿದೆ. ಹೇಗೆ?

ಲೆಕ್ಕವನ್ನು ಆಳಿನ ಸಂಬಳದಲ್ಲಿ ಹಾಕಿ ನೋಡಿ. ಆಗ ನೂರಕ್ಕೆ 12ರಂತೆ ವರ್ಷಕ್ಕೆ 4,800 ರೂ. ಬಡ್ಡಿ. ಸಂಬಳ ದಿನಕ್ಕೆ 50 ರೂ. ಅಂದ್ರೆ 96 ಆಳಿನ ದುಡ್ಡು. ಈಗ ನೂರಕ್ಕೆ 7 ಸಿಕ್ಕಿದರೆ 2,800 ರೂ. ಸಂಬಳ 700 ರೂ. ನಾಲ್ಕೇ ಆಳು!

ಹನ್ನೊಂದು ವರ್ಷ ನಾನೇ ಖಜಾಂಚಿ. ಕೊರತೆ ಬಿದ್ದಾಗೆಲ್ಲ ಕಿಸೆಯಿಂದ ಹಾಕಿ ಸುಮ್ಮನಿದ್ದೆ. ಅದನ್ನು ಸೇವೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ತಪ್ಪು. ನಾನು ಹಾಕಿದ ದುಡ್ಡು ಪುಸ್ತಕಕ್ಕೆ ಏರಲೇ ಇಲ್ಲ. ಹಾಗಾಗಿ ಸಂಘ ನಡೆಸಲು ನಿಜವಾಗಿ ಎಷ್ಟು ಬೇಕೆಂದು ಸದಸ್ಯರಿಗೆ ಗೊತ್ತಾಗಲೇ ಇಲ್ಲ.

ದಾನಿಗಳು ಕೊಡಿಸಿದ ಕಳೆ ಕೊಚ್ಚುವ ಯಂತ್ರದ ಕಥೆಯೂ ಇದೇ. ಬಾಡಿಗೆ ರಿಪೇರಿಗೆ ಸರಿಹೋಯಿತು. ಸವಕಳಿಗೆಂದು ಏನೂ ತೆಗೆದಿಡಲಿಲ್ಲ. ಯಂತ್ರ ಮೂಲೆ ಸೇರಿದಾಗ ಹೊಸತಕ್ಕೆ ಬಿಡಿಗಾಸಿಲ್ಲ. ಯಂತ್ರಕ್ಕೆ, ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ ಸ್ವಾಮೀ. ಕರೆಂಟು ಬಿಲ್ಲಿಗೆ, ಲೆಕ್ಕ ತಪಾಸಣೆಗೆ ಯಾರು ಕೊಡುತ್ತಾರೆ?

ಸಂಘ ಮುಚ್ಚಿಬಿಡೋಣ ಎನ್ನುವವರು ಈಗ ನಮ್ಮಲ್ಲಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಆಜೀವ ಸದಸ್ಯತ್ವ ಗೌರವಕ್ಕೆ ಇರಲಿ. ಜತೆಗೆ ಪ್ರತಿಯೊಬ್ಬರೂ ವರ್ಷಕ್ಕೆ ಅರ್ಧ ದಿನದ ಆಳಿನ ಸಂಬಳ ಕೊಡಲಿ. ಸಂಬಳ ಏರಿದ ಹಾಗೆ ವಂತಿಗೆಯೂ ತಾನಾಗಿ ಏರುತ್ತದೆ, ಪ್ರತಿಸಲ ಚರ್ಚೆ ಬೇಡ. ಬಡ್ಡಿಯಲ್ಲಿ ಒಂದು ಪಾಲು ಗಂಟಿಗೇ ಸೇರಲಿ. ಯಂತ್ರದ ಬಾಡಿಗೆಯಲ್ಲಿ ಸವಕಳಿ ಪಾಲು ಬೇರೆ ಖಾತೆಗೆ ಹೋಗಲಿ. ಯಾರಾದರೂ ಕಿಸೆಯಿಂದ ಹಾಕಿದರೆ ದೇಣಿಗೆ ಅಂತ ರಶೀದಿ ಬರೆಯಲಿ.

ಅರ್ಧ ದಿನದ ಸಂಬಳವೂ ಭಾರ ಅನ್ನಿಸಿದರೆ, ಸಂಘ ನಮಗೆ ಬೇಡ ಎಂದೇ ಅರ್ಥ. ಅದನ್ನಾದರೂ ಮಹಾಸಭೆಯಲ್ಲಿ ಬಾಯಿಬಿಟ್ಟು ಹೇಳೋಣ. ನಿಮ್ಮೂರ ಸಂಘದ ಗಂಟು ಎಷ್ಟು ಆಳಿನದ್ದು? ಒಮ್ಮೆ ಲೆಕ್ಕ ಹಾಕಿ.