ಸೀನಿಯರ್ ಕೊಟ್ಟ ವಿ-ಫಿಟ್ಟಿಂಗ್ ಮತ್ತು ಗ್ಯಾರೇಜಿನಲ್ಲಿ ಕಟ್ಟಿದ ವಿಮಾನ

ಮೊದಲು ಒಂದು ತಪ್ಪೊಪ್ಪಿಗೆ. ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬಿನಲ್ಲಿ ನಾನು ಸಬ್‌ಮಿಟ್ ಮಾಡಿದ ವಿ-ಫಿಟ್ಟಿಂಗ್ ಮಾಡೆಲ್ ನಾನು ಮಾಡಿದ್ದಲ್ಲ. ಹಾಸ್ಟೆಲಿನ ಸೀನಿಯರ್ ಒಬ್ಬರು ಕೊಟ್ಟಿದ್ದು. ಅವರಿಗೆ ಅವರ ಸೀನಿಯರ್ ಕೊಟ್ಟಿದ್ದರಂತೆ. ಹಳೇ ಯುಎಸ್‌ಎನ್ ಅನ್ನು ಅರದಲ್ಲಿ ಉಜ್ಜಿ ಅಳಿಸಿ, ನನ್ನ ನಂಬರ್ ಪಂಚ್ ಹೊಡೆದು ಒಪ್ಪಿಸಿದೆ. ಪ್ರತಿ ವರ್ಷ ಉಜ್ಜಿಸಿಕೊಂಡು ಆ ತುಂಡು ಒಂದು ಕಡೆ ತೆಳ್ಳಗಾಗಿತ್ತು. ಇನ್‌ಸ್ಟ್ರಕ್ಟರ್ ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ನಾನು ಮೊದಲೂ ನೋಡಿದೀನಿ ಕಣಯ್ಯಾ" ಅಂದರು. ಆದರೂ ಮಾರ್ಕ್ಸ್ ಕೊಟ್ಟರು. ನಾವಿಬ್ಬರೂ ನಕ್ಕೆವು.

ಈಗ ಫೈನಲ್ ಇಯರ್. ಅದೇ ಆಟ, ಸ್ವಲ್ಪ ದೊಡ್ಡದಾಗಿ. ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳು ಊರಲ್ಲಿವೆ, ರಿಪೋರ್ಟ್ ಸಮೇತ ಕೊಡುತ್ತವೆ, ವೈವಾದಲ್ಲಿ ಏನು ಕೇಳಬಹುದು ಅಂತಲೂ ಹೇಳಿಕೊಡುತ್ತವೆ. ಯಾರು ಹೋಗ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈ ಲೇಖನ ಅವರನ್ನು ಬೈಯೋಕೆ ಅಲ್ಲ. ವಿ-ಫಿಟ್ಟಿಂಗ್ ಉಜ್ಜಿದವನಿಗೆ ಆ ಹಕ್ಕಿಲ್ಲ.

ನಾನು ಹೇಳಬೇಕೆಂದಿರುವುದು ಅಮೆರಿಕದ ವಿಮಾನಯಾನ ಕಾನೂನಿನ ಒಂದು ವಾಕ್ಯದ ಬಗ್ಗೆ. ಅಲ್ಲಿ ಯಾರು ಬೇಕಾದರೂ ತಮ್ಮ ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟಿ, ತಪಾಸಣೆ ಮಾಡಿಸಿ, ನೋಂದಾಯಿಸಿ ಹಾರಿಸಬಹುದು. ಷರತ್ತು ಇಷ್ಟೇ: ವಿಮಾನದ ಬಹುಭಾಗವನ್ನು ತಯಾರಿಸಿ ಜೋಡಿಸಿದವರು ಆ ಕೆಲಸವನ್ನು ಕೇವಲ ತಮ್ಮ ಸ್ವಂತ ಶಿಕ್ಷಣಕ್ಕಾಗಿ ಅಥವಾ ಖುಷಿಗಾಗಿ ಕೈಗೊಂಡಿರಬೇಕು. ಬಹುಭಾಗ ಅಂದರೆ ಅರ್ಧಕ್ಕಿಂತ ಜಾಸ್ತಿ, ಅದಕ್ಕೇ ಇದನ್ನು 51 ಪರ್ಸೆಂಟ್ ರೂಲ್ ಅಂತಾರೆ. ದುಡ್ಡು ಕೊಟ್ಟು ಬೇರೆಯವರ ಕೈಲಿ ಪೂರ್ತಿ ಮಾಡಿಸಿಕೊಂಡು ತಂದರೆ ಈ ವರ್ಗದಲ್ಲಿ ಪರವಾನಗಿ ಇಲ್ಲ. ಅಂದರೆ ಪ್ರಾಜೆಕ್ಟ್ ಅಂಗಡಿಗೆ ಹೋಗಬಾರದು ಅನ್ನೋದು ಅಲ್ಲಿ ಕಾನೂನು! ಒಂದು ಸರ್ಕಾರ ತನ್ನ ನಿಯಮದಲ್ಲಿ ಶಿಕ್ಷಣ ಅನ್ನುವ ಪದವನ್ನು ಪರೀಕ್ಷೆ, ಸಿಲಬಸ್, ಡಿಗ್ರಿ ಏನೂ ಇಲ್ಲದೆ ಬಳಸಿರುವುದನ್ನು ನಾನು ನೋಡಿದ್ದು ಇದೊಂದೇ ಕಡೆ.

ಇದರ ಹಿಂದೆ ದೊಡ್ಡ ಕಥೆ ಇದೆ. 1920ರ ದಶಕದ ಕೊನೆಯಲ್ಲಿ ಮಿನೆಸೋಟದ ಚೆರ್ರಿ ಗ್ರೋವ್ ಅನ್ನುವ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ತಾನಾಗಿ ಕಲಿತ ಮೆಕ್ಯಾನಿಕ್ ಮರ, ಬಟ್ಟೆ ಮತ್ತು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಸೇರಿಸಿ ಎರಡು ಸೀಟಿನ ವಿಮಾನ ಕಟ್ಟಿದ. ಕಾರಿನ ಎಂಜಿನ್, ಸುಮಾರು 40 ಹಾರ್ಸ್‌ಪವರ್. ಅದರ ನಕ್ಷೆ 1932ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಏರ್ ಕ್ಯಾಂಪರ್ ಅನ್ನು ಜನ ಇವತ್ತಿಗೂ ಕಟ್ಟುತ್ತಿದ್ದಾರೆ. 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಇಂಥ ಹುಚ್ಚರನ್ನೆಲ್ಲ ಸೇರಿಸಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಶುರು ಮಾಡಿದ. 1955ರಲ್ಲಿ ಅವನು 800 ಡಾಲರ್ ಒಳಗೆ ಬೇಬಿ ಏಸ್ ವಿಮಾನ ಕಟ್ಟುವುದು ಹೇಗೆ ಅಂತ ಒಂದು ಜನಪ್ರಿಯ ಪತ್ರಿಕೆಗೆ ಬರೆದ ಮೇಲೆ ಸಂಘ ದಿಢೀರನೆ ಬೆಳೆಯಿತು. ಈಗ ಪ್ರತಿ ಜುಲೈ ಕೊನೆಗೆ ವಿಸ್ಕಾನ್ಸಿನ್‌ನ ಆಷ್‌ಕಾಷ್‌ನಲ್ಲಿ ಅವರ ಜಾತ್ರೆ. ಜಾತ್ರೆ ಅಂತ ಬೇಕಂತಲೇ ಬರೆದೆ. ಟೆಂಟ್ ಹಾಕಿಕೊಂಡು ತಮ್ಮ ವಿಮಾನದ ರೆಕ್ಕೆ ಕೆಳಗೇ ಮಲಗ್ತಾರೆ.

ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳಲೇಬೇಕು. ಯಾಕಂದರೆ ನನ್ನ ವಾದ ಇರೋದೇ ಅಲ್ಲಿ.

ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯ ವಿಮಾನಗಳನ್ನೇ ತಗೊಳ್ಳಿ. ಜನ ಮನೆಯಲ್ಲಿ ಕಟ್ಟಿ ಹಾರಿಸಿರುವುದು ಹತ್ತು ಸಾವಿರಕ್ಕೂ ಹೆಚ್ಚು. ಕಿಟ್ ಅಂದ ಕೂಡಲೇ ಲೆಗೋ ನೆನಪಾಗಬೇಡಿ. ಬರೋದು ತೆಳುವಾದ ಅಲ್ಯುಮಿನಿಯಂ ಹಾಳೆಗಳು, ಒಂದು ಚೀಲ ರಿವೆಟ್ ಮತ್ತು ಒಂದು ದಪ್ಪ ಪುಸ್ತಕ. ಹಾಳೆಗಳನ್ನು ಕ್ಲಿಕೋ ಅನ್ನುವ ಸ್ಪ್ರಿಂಗ್ ಪಿನ್‌ಗಳಿಂದ ತಾತ್ಕಾಲಿಕವಾಗಿ ಹಿಡಿಸಬೇಕು, ತೂತನ್ನು ಅಂತಿಮ ಅಳತೆಗೆ ಕೊರೆಯಬೇಕು, ಮತ್ತೆ ಪೂರ್ತಿ ಬಿಚ್ಚಬೇಕು. ಪ್ರತಿ ತೂತಿನ ಎರಡೂ ಕಡೆ ಅಂಚಿನ ಬರ್ ತೆಗೆಯಬೇಕು. ಮೇಲ್ಮೈ ಸಮವಾಗಿ ಬರಬೇಕಾದ ಕಡೆ ತೂತಿನ ಸುತ್ತ ಡಿಂಪಲ್ ಒತ್ತಬೇಕು, ಪ್ರೈಮರ್ ಹಚ್ಚಬೇಕು, ಪುನಃ ಜೋಡಿಸಬೇಕು. ಆಮೇಲೆ ಒಂದು ಕಡೆ ರಿವೆಟ್ ಗನ್, ಇನ್ನೊಂದು ಕಡೆ ಬಕಿಂಗ್ ಬಾರ್ ಅನ್ನುವ ಭಾರವಾದ ಉಕ್ಕಿನ ತುಂಡು. ಸಾಮಾನ್ಯವಾಗಿ ಇಬ್ಬರು ಬೇಕು. ಹೊಡೆದ ಮೇಲೆ ರಿವೆಟ್ಟಿನ ಬಾಲ ಉಬ್ಬಿ, ಅಗಲ ರಿವೆಟ್ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಬರಬೇಕು. ಜಾಸ್ತಿ ಚಪ್ಪಟೆಯಾದರೂ ತಪ್ಪು, ಕಮ್ಮಿಯಾದರೂ ತಪ್ಪು, ವಾಲಿದರೂ ತಪ್ಪು. ಕೆಟ್ಟರೆ ಕೊರೆದು ತೆಗೆದು ಹೊಸದು. ಕೊರೆಯುವಾಗ ತೂತು ಅಗಲವಾದರೆ ಅದು ಇನ್ನೊಂದು ರಗಳೆ. ಇಂಥವು ಸಾವಿರಾರು.

ಈ ರಿವೆಟ್ಟಿನ ತಲೆ ಮೇಲೆ ಯಾರ ಯುಎಸ್‌ಎನ್ನೂ ಪಂಚ್ ಮಾಡಲ್ಲ. ಮಾರ್ಕ್ಸೂ ಇಲ್ಲ. ಕೆಟ್ಟ ರಿವೆಟ್ ಒಂದನ್ನು ಹಾಗೇ ಬಿಟ್ಟು ಮೇಲೆ ಬಣ್ಣ ಬಳಿದರೆ ಯಾರಿಗೂ ಕಾಣಲ್ಲ. ಆದರೆ ಆ ರೆಕ್ಕೆಯ ಕೆಳಗೆ ಕೂರುವವನು ಅವನೇ. ನಮ್ಮ ಲ್ಯಾಬಿನಲ್ಲಿ ಇಲ್ಲದೇ ಇರುವುದು ಇದೊಂದೇ ಅನ್ನಿಸುತ್ತೆ ನನಗೆ. ಲೇಥು, ಅರ, ವೈಸು ಎಲ್ಲ ಇವೆ. ನಾವು ಮಾಡಿದ್ದರ ಮೇಲೆ ನಾವೇ ಕೂರಬೇಕಾದ ಪ್ರಸಂಗ ಇಲ್ಲ.

ಗೆಳೆಯರ ಹತ್ತಿರ ಇದನ್ನ ಹೇಳಿದಾಗೆಲ್ಲ ಬರೋ ಉತ್ತರ ಒಂದೇ: "ಮಗಾ, ಮನೇಲಿ ಕಟ್ಟಿದ ವಿಮಾನದಲ್ಲಿ ಜನ ಸಾಯ್ತಾರೆ." ನಿಜ, ಸಾಯ್ತಾರೆ. ಈ ಮಾತನ್ನು ನುಂಗಿಕೊಂಡು ಮುಂದೆ ಹೋಗುವುದು ಅಪ್ರಾಮಾಣಿಕತೆ.

1934ರಲ್ಲಿ ಫ್ರಾನ್ಸಿನ ಆನ್ರಿ ಮಿನ್ಯೆ ತನ್ನ ಪುಟ್ಟ ವಿಮಾನವನ್ನು ಹೇಗೆ ಕಟ್ಟಬೇಕು ಅಂತ ಪುಸ್ತಕ ಬರೆದ. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲೈಯಿಂಗ್ ಫ್ಲೀ, ಅಂದರೆ ಹಾರುವ ಚಿಗಟ, ಅಂತ ಹೆಸರಾಯಿತು. ಯುರೋಪಿನಾದ್ಯಂತ ಜನ ಕಟ್ಟಿದರು, ಒಂದರ ಹಿಂದೊಂದು ಬಿದ್ದು ಸತ್ತರು. ಆಮೇಲೆ ಇಡೀ ವಿಮಾನವನ್ನೇ ವಿಂಡ್ ಟನೆಲ್‌ನಲ್ಲಿಟ್ಟು ನೋಡಿದಾಗ ಗೊತ್ತಾಯಿತು: ಮೂಗು ಒಂದು ಮಿತಿ ಮೀರಿ ಕೆಳಗೆ ಬಾಗಿದರೆ, ಮುಂದಿನ ಮತ್ತು ಹಿಂದಿನ ರೆಕ್ಕೆಗಳ ನಡುವಿನ ಗಾಳಿಯ ಆಟದಿಂದಾಗಿ ಅದನ್ನು ಮೇಲೆತ್ತಲು ಪೈಲಟ್‌ಗೆ ಆಗುತ್ತಲೇ ಇರಲಿಲ್ಲ. ಕಟ್ಟಿದವರ ಕೈಕೆಲಸದ ತಪ್ಪಲ್ಲ, ಡಿಸೈನಿನದೇ. ಮುಂದೆ ಅದನ್ನು ಸರಿಪಡಿಸಿದರು. ಅದರ ವಂಶದ ವಿಮಾನಗಳು ಈಗಲೂ ಹಾರುತ್ತಿವೆ.

ಇನ್ನೊಂದು ಪ್ರಕರಣ ನನ್ನನ್ನು ಹೆಚ್ಚು ಕಾಡಿದ್ದು. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ತೀರಿಕೊಂಡ. ಹಾರಿಸುತ್ತಿದ್ದದ್ದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿ, ಬೇರೊಬ್ಬರು ಕಟ್ಟಿದ್ದನ್ನು ಆಗಷ್ಟೇ ಕೊಂಡಿದ್ದ. ಇಂಧನ ಟ್ಯಾಂಕ್ ಬದಲಿಸುವ ವಾಲ್ವ್ ನಕ್ಷೆಯ ಪ್ರಕಾರ ಪೈಲಟ್‌ನ ಕಾಲುಗಳ ನಡುವೆ, ಕೈಗೆ ಸಿಗುವಂತೆ ಇರಬೇಕಿತ್ತು. ಕಟ್ಟಿದವರು ಕಾಕ್‌ಪಿಟ್ ಒಳಗೆ ಪೆಟ್ರೋಲಿನ ಪೈಪು ಬೇಡ ಅಂತ ಅದನ್ನು ಎಡ ಭುಜದ ಹಿಂದಕ್ಕೆ ಹಾಕಿದ್ದರು. ಯೋಚನೆ ತಪ್ಪೇನಲ್ಲ, ಬೆಂಕಿಯ ಭಯ. ಆದರೆ ವಾಲ್ವ್ ತಿರುಗಿಸಬೇಕಾದರೆ ಪೈಲಟ್ ಸೀಟಿನಲ್ಲೇ ಹಿಂದಕ್ಕೆ ಹೊರಳಬೇಕು. ಹಾಗೆ ಹೊರಳಿದಾಗ ಬಲಗಾಲು ತಾನಾಗಿ ರಡ್ಡರ್ ಪೆಡಲ್ ಒತ್ತುವ ಸಾಧ್ಯತೆ ಇತ್ತು. ವಾಲ್ವ್ ಹಿಡಿಯ ಮೇಲೆ ಯಾವ ಕಡೆ ಯಾವ ಟ್ಯಾಂಕ್ ಅನ್ನೋ ಗುರುತೂ ಇರಲಿಲ್ಲ. ತನಿಖೆಯ ವರದಿ ಇವನ್ನೆಲ್ಲ ಎತ್ತಿ ಹೇಳಿದೆ. ಒಂದು ವಾಲ್ವಿನ ಜಾಗ! ನಮ್ಮ ಮೆಷಿನ್ ಡಿಸೈನ್ ಪೇಪರಿನಲ್ಲಿ ವಾಲ್ವಿನ ಒತ್ತಡ, ಗೋಡೆಯ ದಪ್ಪ ಎಲ್ಲ ಲೆಕ್ಕ ಮಾಡಿಸ್ತಾರೆ. ಕೈ ಎಲ್ಲಿಗೆ ನಿಲುಕುತ್ತೆ ಅಂತ ಯಾರೂ ಕೇಳಿಲ್ಲ.

ಹಾಗಾಗಿ ಅಪಾಯ ಇದೆ ಅನ್ನುವುದು ಇದರಿಂದ ದೂರ ಇರಲು ಕಾರಣ ಅಂತ ನಾನು ಒಪ್ಪಲ್ಲ. ಆ ವ್ಯವಸ್ಥೆ ಅಪಾಯವನ್ನು ಮುಚ್ಚಿಡಲ್ಲ. ಹೊಸ ವಿಮಾನ ಮೊದಲ ಸಾಮಾನ್ಯವಾಗಿ 25ರಿಂದ 40 ಗಂಟೆ ಗೊತ್ತುಪಡಿಸಿದ ಪ್ರದೇಶದಲ್ಲಷ್ಟೇ ಹಾರಬೇಕು, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆಮೇಲೂ ಇದು ಹವ್ಯಾಸಿ ಕಟ್ಟಿದ್ದು, ಸಾಮಾನ್ಯ ವಿಮಾನದ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಅಂತ ಕೂತವನ ಕಣ್ಣಿಗೆ ಬೀಳುವಂತೆ ಫಲಕ ಹಾಕಿರಬೇಕು. ಕಟ್ಟಿದವನಿಗೆ ತನ್ನ ವಿಮಾನದ ವಾರ್ಷಿಕ ತಪಾಸಣೆ ತಾನೇ ಮಾಡುವ ಸರ್ಟಿಫಿಕೇಟ್ ಸಿಗುತ್ತದೆ. ಅದೇ ವಿಮಾನವನ್ನು ಕೊಂಡವನಿಗೆ ಅದು ಬಳುವಳಿಯಾಗಿ ಬರಲ್ಲ. ಮಾಡಿದವನಿಗೂ ಕೊಂಡವನಿಗೂ ಇರುವ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ನಿಯಮ ನಮ್ಮ ಕಾಲೇಜಿನ ಅಕಾಡೆಮಿಕ್ ರೂಲ್ಸಿನಲ್ಲಿ ಇದ್ದಿದ್ದರೆ ನಮ್ಮ ಬ್ಯಾಚಿನ ಅರ್ಧ ಪ್ರಾಜೆಕ್ಟ್‌ಗಳು ಪಾಸಾಗುತ್ತಿರಲಿಲ್ಲ.

ಕಟ್ಟುವವರ ಕಣ್ಣು ಎಷ್ಟು ಚುರುಕು ಅನ್ನೋದಕ್ಕೆ ಈಚಿನ ಉದಾಹರಣೆ ಇದೆ. ಆರ್ಡರ್ ಜಾಸ್ತಿಯಾಗಿ ವ್ಯಾನ್ಸ್‌ನವರು ಕೆಲವು ಭಾಗಗಳ ತೂತುಗಳನ್ನು ಪಂಚ್ ಬದಲು ಲೇಸರ್‌ನಲ್ಲಿ ಕೊರೆಸಿದರು. 2023ರಲ್ಲಿ ಗ್ಯಾರೇಜುಗಳಲ್ಲಿ ಜನ ಡಿಂಪಲ್ ಒತ್ತುವಾಗ ತೂತಿನ ಅಂಚು ಸಣ್ಣಗೆ ಸೀಳುವುದನ್ನು ಗಮನಿಸಿದರು. ದೊಡ್ಡ ಗಲಾಟೆಯಾಗಿ, ಅಂಥ ಭಾಗಗಳನ್ನು ಬದಲಿಸಿಕೊಡಬೇಕಾಗಿ ಬಂದು, ಬೇರೆ ನಷ್ಟಗಳೂ ಸೇರಿ, ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕುವ ಮಟ್ಟಕ್ಕೆ ಹೋಯಿತು. ಮೆಟೀರಿಯಲ್ ಸೈನ್ಸ್ ಕ್ಲಾಸಿನ ಸ್ಟ್ರೆಸ್ ಕಾನ್ಸಂಟ್ರೇಷನ್ ಅನ್ನುವ ಪದ ಅವತ್ತು ನನಗೆ ಮೊದಲ ಸಲ ಅರ್ಥವಾಯಿತು.

ನಮ್ಮ ಕಡೆ ಏನಿದೆ? ಇಲ್ಲವೇ ಇಲ್ಲ ಅಂತೇನಲ್ಲ. ಬೆಂಗಳೂರಿನ ಎನ್‌ಎಎಲ್‌ನಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಇದೇ ರುಟಾನ್‌ನ ಲಾಂಗ್-ಈಝಿ ಆಧಾರದ ಮೇಲೆ ಒಂದು ಪ್ರಾಯೋಗಿಕ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಹವ್ಯಾಸಿಗಳಿಗೆಂದು ಮಾಡಿದ ವಿನ್ಯಾಸ! ಫೋಮನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ಹಚ್ಚುವುದು ಅದರ ವಿಧಾನ. ನಮ್ಮ ಏರೋ ಕ್ಲಬ್ಬಿನವರು ಆರ್‌ಸಿ ವಿಮಾನಕ್ಕೆ ನಿಕ್ರೋಮ್ ತಂತಿ ಕಟ್ಟಿ ಥರ್ಮಾಕೋಲ್ ಕತ್ತರಿಸೋದು ಇದೇ ಥರ ತಾನೇ? ಆ ಕಾಂಪೊಸಿಟ್ ಕಲಿಕೆಯ ಮುಂದಿನ ಹೆಜ್ಜೆಯಾಗಿ 1993ರಲ್ಲಿ ಹಂಸ ಹಾರಿತು.

ಮುಂಬೈನಲ್ಲಿ ಪೈಲಟ್ ಅಮೋಲ್ ಯಾದವ್ ತಮ್ಮ ವಸತಿ ಕಟ್ಟಡದ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ಎಲ್ಲರೂ ನೋಡಿ ಬೆರಗಾದರು. ಹಾರಾಟದ ಪರವಾನಗಿ ಸಿಕ್ಕಿದ್ದು 2019ರಲ್ಲಿ. ಕಟ್ಟುವುದಕ್ಕೆ ಬೇಕಾದಷ್ಟೇ ತಾಳ್ಮೆ ಕಾಗದಪತ್ರಕ್ಕೂ ಬೇಕಾಯಿತು.

ಹಳೇ ವಿಮಾನಗಳ ವಿಷಯದಲ್ಲಿ ನನಗೆ ಇನ್ನೂ ಹೊಟ್ಟೆ ಉರಿಯುತ್ತೆ. ನಮ್ಮ ವಾಯುಪಡೆಯ ಪಾರಂಪರಿಕ ಸಂಗ್ರಹದ ಟೈಗರ್ ಮಾತ್ ಆಗಲಿ, 2018ರಲ್ಲಿ ಬಂದ 'ಪರಶುರಾಮ' ಡಕೋಟಾ ಆಗಲಿ, ದುರಸ್ತಿಯಾಗಿದ್ದು ಬ್ರಿಟನ್ನಿನಲ್ಲಿ. ಟೈಗರ್ ಮಾತ್ ಅಂದರೆ ಮರ, ಬಟ್ಟೆ, ತಂತಿ. ಎಚ್‌ಎಎಲ್ 1958ರಲ್ಲಿ ಪುಷ್ಪಕ್ ಅನ್ನುವ ಎರಡು ಸೀಟಿನ, ಬಟ್ಟೆ ಹೊದಿಸಿದ ವಿಮಾನ ಹಾರಿಸಿ, ಆಮೇಲೆ 150ರ ಆಸುಪಾಸು ತಯಾರಿಸಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಕೊಟ್ಟ ಊರು ಬೆಂಗಳೂರು. ಬಟ್ಟೆ ಬಿಗಿಯುವ ಕೈಗಳು ಇಲ್ಲಿದ್ದವು. ನಾವು ಕಲಿತುಕೊಳ್ಳಲಿಲ್ಲ, ಅಷ್ಟೇ.

ಈಗ ನನ್ನ ಬೇಡಿಕೆ. ಕಾಲೇಜು ವಿಮಾನ ಕಟ್ಟಿ ಹಾರಿಸಲಿ ಅಂತ ನಾನು ಕೇಳ್ತಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ ಹೈಸ್ಕೂಲ್ ಮಕ್ಕಳು ಹಿರಿಯರ ಜೊತೆ ಸೇರಿ ಆರ್‌ವಿ-12 ಕಟ್ಟಿ ಹಾರಿಸಿದ್ದಾರೆ. ನಮಗೆ ಅಷ್ಟು ದುಡ್ಡಿಲ್ಲ, ಹಾಗೆ ಕೇಳಿದರೆ ಫೈಲ್ ಪ್ರಿನ್ಸಿಪಾಲರ ಟೇಬಲ್ ದಾಟಲ್ಲ. ನಾನು ಕೇಳ್ತಿರೋದು ಒಂದು ರೆಕ್ಕೆ. ಅದೂ ಪೂರ್ತಿ ಅಲ್ಲ, ಒಂದು ಮೀಟರ್ ಉದ್ದದ ತುಂಡು: ಎರಡು ಸ್ಪಾರ್, ನಾಲ್ಕು ರಿಬ್, ಮೇಲೆ ಹೊದಿಕೆ. ಮೊದಲನೇ ವರ್ಷದವರು ವಿ-ಫಿಟ್ಟಿಂಗ್ ಬದಲು ಅದನ್ನು ರಿವೆಟ್ ಮಾಡಲಿ. ಹೊಡೆದ ಪ್ರತಿ ಸಾಲನ್ನು ಇನ್ನೊಂದು ಬ್ಯಾಚಿನವರು ಗೇಜ್ ಹಿಡಿದು ನೋಡಲಿ, ಕೆಟ್ಟದ್ದಕ್ಕೆ ಕೆಂಪು ಮಾರ್ಕರ್ ಹಾಕಲಿ. ವರ್ಷದ ಕೊನೆಗೆ ಮರಳು ಮೂಟೆ ಹೇರಿ, ಎಲ್ಲರ ಮುಂದೆ ಮುರಿಯೋಣ. ಎಲ್ಲಿ ಮುರಿಯಿತು, ಲೆಕ್ಕ ಹೇಳಿದಲ್ಲೇ ಮುರಿಯಿತಾ, ಯಾರ ಸಾಲಿನ ರಿವೆಟ್ ಮೊದಲು ಕಿತ್ತಿತು, ಎಲ್ಲ ಬರೆದಿಡೋಣ. ಮುರಿದ ರೆಕ್ಕೆಯನ್ನು ಜೂನಿಯರ್‌ಗೆ ಕೊಡೋಕೆ ಆಗಲ್ಲ, ಅದೊಂದು ಲಾಭ.

"ಏರೋನಾಟಿಕಲ್ ಬ್ರಾಂಚೇ ಇಲ್ಲ ನಮ್ಮಲ್ಲಿ" ಅಂತ ಒಬ್ಬರು ಲೆಕ್ಚರರ್ ಹೇಳಿದರು. ಪೀಟನ್‌ಪೋಲ್ ಊರಲ್ಲೂ ಇರಲಿಲ್ಲ ಸರ್.

ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಮಾತಾಡಿದ್ದೇನೆ. ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ತೆಗೆದಿಡ್ತೀನಿ ಅಂದಿದ್ದಾರೆ. ಕಂಪ್ರೆಸರ್ ಇದೆ, ರಿವೆಟ್ ಗನ್ ಇಲ್ಲ. ಸದ್ಯಕ್ಕೆ ಸುತ್ತಿಗೆ ಮತ್ತು ಸ್ನ್ಯಾಪ್ ಸಾಕು, ಶೀಟ್ ಮೆಟಲ್ ಸೆಕ್ಷನ್ನಿನಲ್ಲಿ ಉಳಿದ ಅಲ್ಯುಮಿನಿಯಂ ತುಂಡುಗಳ ಮೇಲೆ ಕೈ ಪಳಗಿಸಬಹುದು. ಇಲ್ಲಿಯವರೆಗೆ ಹೆಸರು ಕೊಟ್ಟವರು ಆರು ಜನ, ಅದರಲ್ಲಿ ನಾಲ್ವರು ಕಂಪ್ಯೂಟರ್ ಸೈನ್ಸ್. ಮೆಕ್ಯಾನಿಕಲ್‌ನವರು ಎಲ್ಲಿದ್ದೀರಿ?