ಮಾನವಸಹಿತ ಚಂದ್ರಯಾನ: ಯೋಜನಾ ಮಾರ್ಗಸೂಚಿ ಮತ್ತು ತುರ್ತು ಕಾರ್ಯವಿಧಾನ – ಒಂದು ವಿಶ್ಲೇಷಣೆ

ಸಾರ್ವಜನಿಕ ಮಾಹಿತಿ: ಬಂಗೂರನಗರ, ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ಭಾಗದ ನಾಗರಿಕರಿಗೆ

ಪೀಠಿಕೆ

2040ರ ವೇಳೆಗೆ ಭಾರತೀಯರನ್ನು ಚಂದ್ರನಲ್ಲಿಗೆ ಕಳುಹಿಸುವ ಗುರಿಯನ್ನು ಕೇಂದ್ರ ಸರ್ಕಾರವು 2023ರ ಅಕ್ಟೋಬರ್ ತಿಂಗಳಲ್ಲಿ ಪ್ರಕಟಿಸಿತು. ಇದರ ಮೊದಲ ಮೆಟ್ಟಿಲು ಗಗನಯಾನ ಯೋಜನೆ. ಸದರಿ ಯೋಜನೆಯ ಹೊಣೆ ಹೊತ್ತ ಮಾನವ ಬಾಹ್ಯಾಕಾಶ ಯಾನ ಕೇಂದ್ರವು 2019ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡಿತು. ಉಡಾವಣೆಯ ದಿನಾಂಕ ಮುಂದೂಡಲ್ಪಟ್ಟಾಗ ವಿಳಂಬವೇಕೆ ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ. ಮಾನವಸಹಿತ ಯಾನದಲ್ಲಿ ಹೋಗುವ ದಾರಿಗಿಂತ ಮೊದಲು ಮರಳುವ ದಾರಿ ನಿಗದಿಯಾಗಬೇಕು; ಅದು ಖಚಿತವಾಗುವವರೆಗೆ ಯಾನವನ್ನು ತಡೆಹಿಡಿಯುವುದು ಕಾರ್ಯವಿಧಾನದ ಅವಿಭಾಜ್ಯ ಅಂಗವಾಗಿರುತ್ತದೆ.

ಈ ತತ್ವವು ಕಾಳಿ ನದಿಪಾತ್ರದ ಜನತೆಗೆ ಹೊಸದಲ್ಲ. ಸೂಪಾ ಜಲಾಶಯವು ಭರ್ತಿಯ ಹಂತ ತಲುಪಿದಾಗ ಕೆಳಭಾಗದ ಜನರಿಗೆ ಮುನ್ನೆಚ್ಚರಿಕೆ ನೀಡಲಾಗುತ್ತದೆ. ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆಯನ್ನು ಮೊದಲೇ ಸಿದ್ಧಪಡಿಸಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ವಿಧಿಸಿದೆ. ಅಪಾಯ ಎದುರಾದ ಮೇಲೆ ಯೋಚಿಸಲು ಕಾಲಾವಕಾಶವಿರುವುದಿಲ್ಲ ಎಂಬುದೇ ಎರಡೂ ಕಡೆ ಮೂಲ ಕಾರಣ.

1. ಉಡಾವಣೆಯ ಹಂತ

ರಾಕೆಟ್‌ನಲ್ಲಿ ದೋಷ ಕಂಡುಬಂದಲ್ಲಿ ಗಗನಯಾತ್ರಿಗಳಿರುವ ಕೋಶವನ್ನು ಕ್ಷಣಾರ್ಧದಲ್ಲಿ ದೂರ ಸೆಳೆದೊಯ್ಯುವ ಪಾರಾಗುವ ವ್ಯವಸ್ಥೆಯನ್ನು ಅಳವಡಿಸಲಾಗುತ್ತದೆ. ಇದನ್ನು 2018ರ ಜುಲೈ 5ರಂದು ಶ್ರೀಹರಿಕೋಟಾದಲ್ಲಿ ನೆಲಮಟ್ಟದಿಂದಲೂ, 2023ರ ಅಕ್ಟೋಬರ್ 21ರಂದು ಹಾರಾಟದ ನಡುವೆಯೂ ಯಾತ್ರಿಗಳಿಲ್ಲದೆ ಪರೀಕ್ಷಿಸಲಾಯಿತು. ಎರಡನೆಯ ಪರೀಕ್ಷೆಯಲ್ಲಿ ಹಾರಾಟಕ್ಕೆ ಕೆಲವೇ ಸೆಕೆಂಡುಗಳಿರುವಾಗ ಗಣಕಯಂತ್ರವು ಉಡಾವಣೆಯನ್ನು ತಾನಾಗಿ ತಡೆಯಿತು. ಕಾರಣ ಪತ್ತೆಹಚ್ಚಿ ಸರಿಪಡಿಸಿದ ನಂತರ ಬೆಳಿಗ್ಗೆ 10 ಗಂಟೆಗೆ ಉಡಾವಣೆ ನೆರವೇರಿತು. ಕೋಶವು ಪ್ಯಾರಾಚೂಟ್‌ಗಳ ನೆರವಿನಿಂದ ಸಮುದ್ರಕ್ಕಿಳಿಯಿತು. ನೌಕಾಪಡೆಯು ಅದನ್ನು ದಡಕ್ಕೆ ತಂದಿತು.

2. ಚಂದ್ರನ ಮಾರ್ಗದ ಹಂತ

ಗಗನಯಾನದ ಕಕ್ಷೆಯು ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿದ್ದು, ಅಲ್ಲಿಂದ ತುರ್ತಾಗಿ ಮರಳುವುದು ಗಂಟೆಗಳ ಮಾತು. ಚಂದ್ರನ ಸರಾಸರಿ ದೂರ ಸುಮಾರು 3,84,400 ಕಿ.ಮೀ. ಅಲ್ಲಿಂದ ಮರಳಲು ಮೂರು ದಿನಗಳಷ್ಟು ಕಾಲ ಬೇಕು. ವಾತಾವರಣ ಪ್ರವೇಶಿಸುವ ವೇಗವೂ ಸೆಕೆಂಡಿಗೆ ಸುಮಾರು 8 ಕಿ.ಮೀ. ಬದಲು 11 ಕಿ.ಮೀ. ಇರುತ್ತದೆ. ಆದ್ದರಿಂದ ಹೆಚ್ಚುವರಿ ಆಮ್ಲಜನಕ, ನೀರು, ವಿದ್ಯುತ್ ಹಾಗೂ ಹೆಚ್ಚು ತಾಳಿಕೆಯ ಉಷ್ಣ ಕವಚ ಅವಶ್ಯ.

ಅಪೊಲೊ 13 ಇದಕ್ಕೆ ನಿದರ್ಶನ. 1970ರ ಏಪ್ರಿಲ್‌ನಲ್ಲಿ ಭೂಮಿಯಿಂದ ಸುಮಾರು 3.2 ಲಕ್ಷ ಕಿ.ಮೀ. ದೂರದಲ್ಲಿ ನೌಕೆಯ ಆಮ್ಲಜನಕ ತೊಟ್ಟಿ ಸಿಡಿಯಿತು. ಇಬ್ಬರಿಗೆ ಸುಮಾರು ಎರಡು ದಿನಗಳಿಗೆಂದು ರೂಪಿಸಿದ್ದ ಇಳಿಯುವ ಕೋಶದಲ್ಲಿ ಮೂವರು ಸುಮಾರು ನಾಲ್ಕು ದಿನ ಆಶ್ರಯ ಪಡೆದು, ಚಂದ್ರನನ್ನು ಸುತ್ತುವರಿದು ಏಪ್ರಿಲ್ 17ರಂದು ಸುರಕ್ಷಿತವಾಗಿ ಮರಳಿದರು. ಆ ಕೋಶವನ್ನು ಜೀವರಕ್ಷಕ ದೋಣಿಯಂತೆ ಬಳಸುವ ಸಾಧ್ಯತೆಯನ್ನು ಮುಂಚಿತವಾಗಿ ಪರಿಶೀಲಿಸಿದ್ದುದು ನೆರವಿಗೆ ಬಂದಿತು.

3. ಇಳಿಯುವ ಹಂತ

2019ರಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ಅಪ್ಪಳಿಸಿದ ಬಳಿಕ, ಏನೇನು ವಿಫಲವಾಗಬಹುದು ಎಂಬುದನ್ನೇ ಆಧಾರವಾಗಿಟ್ಟು ಚಂದ್ರಯಾನ-3ನ್ನು ರೂಪಿಸಲಾಯಿತು. ಇಳಿಯುವ ಪ್ರದೇಶವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ವಿಸ್ತರಿಸಲಾಯಿತು. 2023ರ ಆಗಸ್ಟ್ 23ರಂದು ಸ್ಥಿತಿಗತಿ ಅನುಕೂಲಕರವಾಗಿರದಿದ್ದಲ್ಲಿ ಆಗಸ್ಟ್ 27ಕ್ಕೆ ಮುಂದೂಡುವ ಸಿದ್ಧತೆಯೂ ಇತ್ತು. ಇವೆಲ್ಲವೂ ಮಾನವರಹಿತ ನೌಕೆಗಾಗಿ. ಮಾನವರಿದ್ದಲ್ಲಿ ಇಳಿಯುವುದನ್ನು ಅರ್ಧದಲ್ಲಿಯೇ ಕೈಬಿಟ್ಟು ಮೇಲೇರುವ ಅವಕಾಶವನ್ನೂ ಕಲ್ಪಿಸಬೇಕಾಗುತ್ತದೆ.

4. ವಿಳಂಬದ ಅರ್ಥ

2025ರಲ್ಲಿ ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಂ-4 ಯಾನವು ಹಲವು ಬಾರಿ ಮುಂದೂಡಲ್ಪಟ್ಟಿತು. ರಾಕೆಟ್‌ನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂದುದು ಒಂದು ಕಾರಣ. ಅದನ್ನು ಸರಿಪಡಿಸಿದ ನಂತರವೇ ಹಾರಬೇಕೆಂದು ಇಸ್ರೊ ತಂಡವೂ ಒತ್ತಾಯಿಸಿತ್ತು. ಜೂನ್ 25ರಂದು ಹೊರಟ ಯಾನವು ಜುಲೈ 15ರಂದು ಸುರಕ್ಷಿತವಾಗಿ ಮರಳಿತು. ನೆರೆಯ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಭಾರತೀಯ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಹೆಸರು ಮತ್ತು ಮೆಂತ್ಯ ಕಾಳುಗಳ ಮೊಳಕೆ ಪ್ರಯೋಗವೂ ಇದೇ ಯಾನದಲ್ಲಿ ನಡೆಯಿತು. ದಿನಾಂಕಕ್ಕೆ ಅಂಟಿಕೊಂಡು ಸೋರುವ ರಾಕೆಟ್ಟನ್ನು ಹಾರಿಸಿದ್ದಲ್ಲಿ ಕಾಳುಗಳ ಜೊತೆಗೆ ನಾಲ್ವರ ಪ್ರಾಣವನ್ನೂ ಪಣಕ್ಕಿಟ್ಟಂತಾಗುತ್ತಿತ್ತು. ಆದಕಾರಣ ಯೋಜನೆಯ ಪ್ರಗತಿಯನ್ನು ಪೂರ್ಣಗೊಂಡ ಪರೀಕ್ಷೆಗಳಿಂದ ಅಳೆಯುವುದು ಸೂಕ್ತ. ಕೇವಲ ಪ್ರಕಟಿತ ದಿನಾಂಕಗಳಿಂದಲ್ಲ.

ಅರ್ಜಿದಾರರ ಗಮನಕ್ಕೆ

ಅ) ಇಸ್ರೊದ ಯುವ ವಿಜ್ಞಾನಿ ಕಾರ್ಯಕ್ರಮವಾದ ‘ಯುವಿಕಾ’ 9ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ರೂಪಿತವಾಗಿದೆ. ಆಯ್ಕೆಯಲ್ಲಿ ಗ್ರಾಮೀಣ ಶಾಲೆಗಳ ವಿದ್ಯಾರ್ಥಿಗಳಿಗೆ ವಿಶೇಷ ಆದ್ಯತೆಯಿದೆ. ಪ್ರಕಟಣೆ ಹೊರಬಿದ್ದ ನಂತರ ಇಸ್ರೊ ಜಾಲತಾಣದ ಮೂಲಕವೇ ನೋಂದಾಯಿಸಬೇಕು.

ಆ) ಶ್ರೀಹರಿಕೋಟಾದಲ್ಲಿ ಉಡಾವಣೆ ವೀಕ್ಷಿಸಲು ಜಾಲತಾಣದಲ್ಲಿ ಮುಂಗಡ ನೋಂದಣಿ ಅವಶ್ಯ. ಉಡಾವಣೆಯು ಕೊನೆಯ ಕ್ಷಣದಲ್ಲಿಯೂ ಮುಂದೂಡಲ್ಪಡುವ ಸಾಧ್ಯತೆ ಇರುವುದರಿಂದ, ದೂರದಿಂದ ತೆರಳುವವರು ಪ್ರಯಾಣ ಹಾಗೂ ವಸತಿಯನ್ನು ಒಂದೆರಡು ದಿನ ವಿಸ್ತರಿಸಲು ಅನುವಾಗುವಂತೆ ಯೋಜಿಸಿಕೊಳ್ಳಲು ಕೋರಲಾಗಿದೆ.