ಮುಳುಗಿದ ಚಿನ್ನ ಯಾರದು?

ಹಡಗೊಡೆದು ಸಮುದ್ರದ ತಳ ಸೇರಿದ್ದ ಸ್ಪೇನ್ ದೊರೆಗಳ ಕಾಲದ ಚಿನ್ನದ ನಾಣ್ಯಗಳನ್ನು ಸಂಗ್ರಹಿಸುವುದು ಜಗತ್ತಿನ ಹಣವಂತರ ಹವ್ಯಾಸಗಳಲ್ಲಿ ಒಂದು. ಎಂಟು ಎಸ್ಕುಡೊದ ದೊಡ್ಡ ನಾಣ್ಯ ತೂಗುವುದು ಸುಮಾರು 27 ಗ್ರಾಂ. ಹರಾಜಿನಲ್ಲಿ ಬೆಲೆ ಬೀಳುವುದು ತೂಕಕ್ಕಲ್ಲ, ಕತೆಗೆ. ಯಾವ ಹಡಗು, ಯಾವ ಬಿರುಗಾಳಿ, ಎಷ್ಟು ವರ್ಷ ನೀರಿನಡಿ ಇತ್ತು, ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾರೆ. ಆ ಚಿನ್ನವನ್ನು ನೆಲದಿಂದ ತೆಗೆದವರು ಯಾರೆಂಬುದು ಮಾತ್ರ ಅದರಲ್ಲಿರುವುದಿಲ್ಲ.

ಇಂದಿನ ಕೊಲಂಬಿಯಾದ ಹೊಳೆಗಳಲ್ಲಿ ಮರಳು ಜಾಲಿಸಿ ಚಿನ್ನ ತೆಗೆದವರು ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಗುಲಾಮರು. ಪೊಟೋಸಿಯ ಬೆಳ್ಳಿ ಗಣಿಗೆ ಮೂಲನಿವಾಸಿಗಳ ಹಳ್ಳಿಗಳಿಂದ ಸರದಿಯ ಮೇಲೆ ಗಂಡಸರನ್ನು ಕಡ್ಡಾಯ ದುಡಿಮೆಗೆ ಎಳೆದೊಯ್ಯಲಾಗುತ್ತಿತ್ತು. 1804ರಲ್ಲಿ ಬ್ರಿಟಿಷರು ಪೋರ್ಚುಗಲ್ ಕರಾವಳಿಯಾಚೆ ಮುಳುಗಿಸಿದ 'ಮರ್ಸಿಡಿಸ್' ಹಡಗಿನಲ್ಲಿದ್ದದ್ದೂ ಇಂಥದೇ ಹಣ. 2007ರಲ್ಲಿ ಅಮೆರಿಕದ ಒಂದು ಕಂಪೆನಿ ಅದರಿಂದ ಸುಮಾರು 17 ಟನ್ ನಾಣ್ಯ ಮೇಲೆತ್ತಿತು. ಹೆಚ್ಚಿನವು ಬೆಳ್ಳಿಯವು. ಅಮೆರಿಕದ ನ್ಯಾಯಾಲಯದ ತೀರ್ಪಿನಂತೆ 2012ರಲ್ಲಿ ಅವೆಲ್ಲ ಸ್ಪೇನ್ ಸೇರಿದವು. ಇದು ನಮ್ಮ ನೆಲದ ಲೋಹ ಎಂದು ಪೆರು ದೇಶ ಹೂಡಿದ ಅಹವಾಲು ನಡೆಯಲಿಲ್ಲ. ಹಡಗಿನ ಒಡೆಯ ಯಾರೆಂದು ಕೇಳಲು ಕಾನೂನಿತ್ತು, ಗಣಿಯ ಒಡೆಯ ಯಾರೆಂದು ಕೇಳಲು ಇರಲಿಲ್ಲ.

ಇದೆಲ್ಲ ದೂರದ ಮಾತು ಎನ್ನಬೇಡಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಖಜಾನೆಯನ್ನು ಕಂಪೆನಿಯ ಸೈನ್ಯ 'ಬಹುಮಾನದ ಹಣ'ವೆಂದು ಹಂಚಿಕೊಂಡಿತು. ಆರ್ಥರ್ ವೆಲ್ಲೆಸ್ಲಿಗೆ ಸಿಕ್ಕ ಪಾಲು 4,000 ಪೌಂಡ್. ಟಿಪ್ಪುವಿನ ಚಿನ್ನದ ಅಹಮದಿ, ಸಿದ್ದೀಕಿ ನಾಣ್ಯಗಳು ಇಂದು ಹರಾಜು ಪಟ್ಟಿಗಳಲ್ಲಿ ಹೊಳೆಯುತ್ತವೆ. ಹೈದರ್ ಅಲಿಯ ಹೊನ್ನೂ ಹಾಗೆಯೇ. ಒಂದು ಬದಿಯಲ್ಲಿ ಶಿವಪಾರ್ವತಿ, ಇನ್ನೊಂದು ಬದಿಯಲ್ಲಿ ಅವನ ಹೆಸರಿನ ಮೊದಲ ಅರಬಿ ಅಕ್ಷರ. ಇಂದಿನ ನಮ್ಮ ಜಗಳಗಳಿಗೆ ಉತ್ತರ ಹೇಳಬಲ್ಲ ಆ ನಾಣ್ಯ ಯಾರದೋ ಕಪಾಟಿನೊಳಗೆ ಮೌನವಾಗಿದೆ.

ನಮ್ಮ ಕೆಲವು ಓದುಗರಿಗೆ ಹಿಡಿಸದ ಮಾತನ್ನೂ ಹೇಳಬೇಕಾಗಿದೆ. 1311ರಲ್ಲಿ ಮಲಿಕ್ ಕಾಫೂರ್ ದ್ವಾರಸಮುದ್ರದಿಂದ ಹೊತ್ತೊಯ್ದದ್ದೂ ಲೂಟಿಯೇ. ಅವನ ಹೆಸರು ನಮ್ಮವರ ಹೆಸರಿನಂತಿದೆ ಎಂಬ ಕಾರಣಕ್ಕೆ ಅದಕ್ಕೆ ಬೇರೆ ಪದ ಹುಡುಕುವ ಅಗತ್ಯ ನಮಗಿಲ್ಲ. ವೆಲ್ಲೆಸ್ಲಿಯನ್ನು ಲೂಟಿಕೋರನೆನ್ನುವವರು ಕಾಫೂರನನ್ನೂ ಹಾಗೆಯೇ ಕರೆಯಲಿ, ಕಾಫೂರನನ್ನು ಬೈಯುವವರು ವೆಲ್ಲೆಸ್ಲಿಯನ್ನು ಬಿಡದಿರಲಿ.

ಈಗ ಬೇಲೂರು ತಾಲೂಕಿನ ಗೆಂಡೆಹಳ್ಳಿಯ ಕಡೆ ಬನ್ನಿ. ಅದು ಹೊಯ್ಸಳರ ನೆಲ. ವಿಷ್ಣುವರ್ಧನ 'ಶ್ರೀ ತಲಕಾಡುಗೊಂಡ' ಎಂದು ಕನ್ನಡದಲ್ಲೇ ಅಚ್ಚೊತ್ತಿಸಿದ ಚಿನ್ನದ ನಾಣ್ಯ ಓಡಾಡಿದ ಸೀಮೆ. ಅಲ್ಲಿ ಪಾಯ ತೋಡುವ ಕೂಲಿಯವನ ಗುದ್ದಲಿಗೆ ನಾಲ್ಕು ಇಂಥ ನಾಣ್ಯ ತಾಗಿತು ಎನ್ನೋಣ. ಅವನೇನು ಮಾಡುತ್ತಾನೆ? ಪೊಲೀಸರ ಹೆದರಿಕೆ, ತಾಲೂಕು ಕಚೇರಿಯ ಹೆದರಿಕೆ. ಅಕ್ಕಸಾಲಿಗನ ಕುಲುಮೆಯೇ ಕ್ಷೇಮ ಅನಿಸುತ್ತದೆ. ಇಲ್ಲವೇ ಒಬ್ಬ ದಲ್ಲಾಳಿ ಚಿಲ್ಲರೆ ಕಾಸಿಗೆ ಕೊಳ್ಳುತ್ತಾನೆ, ಅವನಿಂದ ಇನ್ನೊಬ್ಬ. ನಾಲ್ಕನೆಯ ಕೈಗೆ ಬರುವಾಗ ಅದು 'ಅಪರೂಪದ ಸಂಗ್ರಹ'. ಮೊದಲ ಕೈ ಸಿಕ್ಕಿಬಿದ್ದರೆ ನಿಧಿಗಳ್ಳ, ಕೊನೆಯ ಕೈ ನಾಣ್ಯಶಾಸ್ತ್ರಜ್ಞ! ಪಾಳು ಗುಡಿಗಳ ಪೀಠ ಕಿತ್ತು ಅಗೆಯುವವರನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಕೊಳ್ಳುವವನಿಲ್ಲದೆ ಅಗೆಯುವವನಿಲ್ಲ.

ಸಂಗ್ರಾಹಕರು ಉಳಿಸಿರದಿದ್ದರೆ ಎಷ್ಟೋ ನಾಣ್ಯ ಕರಗಿಹೋಗುತ್ತಿತ್ತು ಎಂಬ ವಾದವಿದೆ. ನಿಜವೇ. ಆದರೆ ಎಲ್ಲಿ, ಯಾವ ಮಡಕೆಯಲ್ಲಿ, ಯಾವ ಗೋಡೆಯಡಿ ಸಿಕ್ಕಿತು ಎಂಬುದು ಅಳಿದ ಮೇಲೆ ನಾಣ್ಯದ ಅರ್ಧ ಇತಿಹಾಸವೂ ಅಳಿಯುತ್ತದೆ. ದಲ್ಲಾಳಿಗೆ ಬೇಕಾದದ್ದೇ ಆ ಅಳಿಸುವಿಕೆ.

1878ರ ಬ್ರಿಟಿಷ್ ಕಾಯಿದೆ ಕೂಡ ವಾರಸುದಾರರಿಲ್ಲದ ನಿಧಿಯಲ್ಲಿ ಮುಕ್ಕಾಲು ಪಾಲನ್ನು ಸಿಕ್ಕವನಿಗೂ ಕಾಲು ಪಾಲನ್ನು ಜಮೀನಿನವನಿಗೂ ಇಟ್ಟಿತ್ತು. ಸರಕಾರ ತಾನೇ ಇಟ್ಟುಕೊಳ್ಳುವುದಾದರೆ ಬೆಲೆಯ ಮೇಲೆ ಐದನೇ ಒಂದು ಭಾಗ ಹೆಚ್ಚು ಕೊಡಬೇಕಿತ್ತು. ನಮ್ಮ ರಾಜ್ಯ 1962ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಬಿದ್ದು ಸಿಕ್ಕಿದ ವಸ್ತುವನ್ನು ಒಂದು ವರ್ಷ ಊರಿಗೆಲ್ಲ ಸಾರಬೇಕು. ಪುರಾತನ ನಿಧಿ ಸಿಕ್ಕರೆ ಐದರಲ್ಲೊಂದು ಪಾಲು ಸಾರ್ವಜನಿಕರದು, ಉಳಿದದ್ದು ಸಾಮಾನ್ಯವಾಗಿ ಸಿಕ್ಕವನದು. ಎರಡರಲ್ಲೂ ಸಿಕ್ಕವನು ಕಳ್ಳನಲ್ಲ, ಪಾಲುದಾರ. ಈ ನಂಬಿಕೆ ಹಳ್ಳಿಯವರೆಗೆ ತಲುಪಲೇ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ನಾಣ್ಯ ತಂದೊಪ್ಪಿಸಿದ ಕೂಲಿಯವನಿಗೆ ಹಣ ತಿಂಗಳೊಳಗೆ ಸಿಗಲಿ, ವರ್ಷಗಟ್ಟಲೆ ಕಚೇರಿ ಅಲೆಸಬೇಡಿ. ಸಿಕ್ಕ ಜಾಗ, ಸಿಕ್ಕವನ ಹೆಸರು ಎರಡೂ ದಾಖಲಾಗಲಿ. ನಾಣ್ಯ ಬೆಂಗಳೂರಿನ ಉಗ್ರಾಣಕ್ಕೆ ಹೋಗದೆ ಹಳೇಬೀಡಿನ ವಸ್ತುಸಂಗ್ರಹಾಲಯದಲ್ಲಿ ಉಳಿಯಲಿ, ಗೆಂಡೆಹಳ್ಳಿಯ ಮಕ್ಕಳು ಬಸ್ಸಿನಲ್ಲಿ ಬಂದು ನೋಡುವಂತಾಗಲಿ. ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಹೊನ್ನು ಇಟ್ಟುಕೊಂಡಿರುವ ಹವ್ಯಾಸಿಗಳು ಅದು ಯಾವ ಊರಿನ ಮಣ್ಣಿನಿಂದ ಬಂತೆಂದು ಒಂದು ಚೀಟಿಯಲ್ಲಿ ಬರೆದಿಡಲಿ. ಬರೆಯಲು ಕೈ ನಡುಗಿದರೆ, ಏಕೆ ನಡುಗುತ್ತದೆಂದು ಅವರೇ ಹೇಳಬೇಕು.